ನೊಗ

ಎತ್ತುಗಳ ಹೆಗಲ ಮೇಲೆ ಅಡ್ಡಲಾಗಿ ಕೂರುವ ಮರಕ್ಕೆ ಕನ್ನಡದಲ್ಲಿ ನೊಗವೆಂದು ಹೆಸರು. ಸಂಸ್ಕೃತದ ‘ಯುಗ’ ಶಬ್ದದ ತದ್ಭವವೆಂದು ಗುರುತಿಸಲಾಗುವ ಈ ಪದದ ಹಿಂದೆ ‘ಯುಜ್’ ಎಂಬ ಧಾತುವಿದ್ದು, ಕೂಡಿಸು, ಜೋಡಿಸು ಎಂಬುದು ಅದರ ಮೂಲಾರ್ಥ. ‘ಯೋಗ’ವೂ ಅದರಿಂದಲೇ ಹುಟ್ಟಿದ್ದು, ಗ್ರೀಕಿನ ‘ಜುಗೊಸ್’ ಇವೆರಡಕ್ಕೂ ದೂರದ ದಾಯಾದಿ. ಆದರೆ ಬಳಕೆಯಲ್ಲಿ ಕೂಡುವ ಅರ್ಥ ಹಿಂದೆ ಸರಿದು, ಹೊರುವ ಅರ್ಥವೇ ಮುಂದಾಗಿದೆ. ಸಂಸಾರದ ನೊಗ, ದಾಸ್ಯದ ನೊಗ ಎನ್ನುವಾಗ ಕೇಳುವವರ ಮನಸ್ಸಿಗೆ ಬರುವುದು ಭಾರವೇ ಹೊರತು ಜೊತೆಯಲ್ಲ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿಯೂ ನೊಗವು ಬಹುಮಟ್ಟಿಗೆ ಭಾರದ ಗುರುತೇ ಆಗಿದೆ. ಸೊಲೊಮೋನನ ಮಗ ರೆಹಬ್ಬಾಮನು ತಂದೆ ಹೊರಿಸಿದ್ದ ನೊಗವನ್ನು ಇನ್ನಷ್ಟು ಭಾರ ಮಾಡುವೆನೆಂದು ಸಾರಿ ರಾಜ್ಯವನ್ನೇ ಇಬ್ಭಾಗವಾಗಿಸಿಕೊಂಡನು. ಪ್ರವಾದಿ ಯೆರೆಮೀಯನು ಬಾಬೆಲಿನ ಆಳ್ವಿಕೆಯನ್ನು ಸೂಚಿಸಲು ತನ್ನ ಕುತ್ತಿಗೆಗೇ ನೊಗವನ್ನು ಕಟ್ಟಿಕೊಂಡು ಜನರ ನಡುವೆ ನಿಂತನು. ಮುಂದೆ ಯೆಹೂದಿ ಧರ್ಮಗುರುಗಳು ಇದೇ ಪದವನ್ನು ಗೌರವದ ಪದವಾಗಿಸಿದರು. ‘ತೋರಾ’, ಅಂದರೆ ಧರ್ಮೋಪದೇಶದ ನೊಗವನ್ನು ಹೊರುವುದು ಎಂದರೆ ದೇವರ ಆಳ್ವಿಕೆಗೆ ಮನಸಾರೆ ಒಳಗಾಗುವುದು ಎಂದು ಅವರ ಪರಿಭಾಷೆ.

ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದ ಕೊನೆಯಲ್ಲಿ ಯೇಸು ಆಡುವ ಮಾತು ಈ ಹಿನ್ನೆಲೆಯಲ್ಲಿಯೇ ಬರುತ್ತದೆ. ದಣಿದವರನ್ನೂ ಹೊರೆಹೊತ್ತವರನ್ನೂ ಆತನು ಹತ್ತಿರ ಕರೆದು ವಿಶ್ರಾಂತಿಯನ್ನು ಕೊಡುವೆನೆನ್ನುತ್ತಾನೆ. ಮರುಕ್ಷಣವೇ ತನ್ನ ನೊಗವನ್ನು ಹೊತ್ತುಕೊಂಡು ತನ್ನಿಂದ ಕಲಿಯಿರೆನ್ನುತ್ತಾನೆ. ದಣಿದವನಿಗೆ ನೊಗ ಇಳಿಸುವುದು ಲೋಕದ ರೀತಿಯಾದರೆ ಇಲ್ಲಿ ನೊಗ ಕೊಡುವುದೇ ವಿಶ್ರಾಂತಿಯ ದಾರಿಯಾಗಿದೆ. ಆ ನೊಗವನ್ನು ಬಣ್ಣಿಸಲು ಬಳಸಿರುವ ಗ್ರೀಕ್ ವಿಶೇಷಣ ‘ಕ್ರೆಸ್ತೊಸ್’ ಎಂಬುದು. ಹಗುರ ಎನ್ನುವುದಕ್ಕಿಂತ ಹಿತವಾದದ್ದು, ದಯೆಯುಳ್ಳದ್ದು ಎಂಬ ಅರ್ಥ ಅದಕ್ಕೆ ಹೆಚ್ಚು ಸಮೀಪ. ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನನು, ಬಡಗಿಯಾಗಿದ್ದ ಯೇಸು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದನೆಂದು ಬರೆದಿದ್ದಾನೆ. ಅದು ನಿಜವಾಗಿದ್ದರೆ, ಹೆಗಲು ಕೊರೆಯುವ ನೊಗಕ್ಕೂ ಹೆಗಲಿಗೆ ಒಪ್ಪುವ ನೊಗಕ್ಕೂ ಇರುವ ಅಂತರವು ಆತನ ಕೈಗೇ ತಿಳಿದದ್ದು.

ಯೇಸುವಿನ ಈ ಮಾತಿನಲ್ಲಿ ದೇವರೊಡನೆಯ ಸಹಭಾಗಿತ್ವವನ್ನು ಕಾಣುವ ಉಪದೇಶಕರು, ನೊಗದ ಒಂದು ತುದಿಯಲ್ಲಿ ಕ್ರಿಸ್ತನೇ ಹೆಗಲು ಕೊಟ್ಟಿದ್ದಾನೆಂದು ಹೇಳುವುದುಂಟು. ಮೂಲದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿಲ್ಲ. ‘ನನ್ನ ನೊಗ’ವೆಂದರೆ ಮೊದಲ ಅರ್ಥದಲ್ಲಿ ಗುರುವಿನ ಬೋಧನೆಯೇ. ಆದರೂ ಬೇಸಾಯವನ್ನು ಬಲ್ಲವರಿಗೆ ಆ ವ್ಯಾಖ್ಯಾನ ಬಲವಂತದ್ದೆನಿಸದು. ಹೊಸದಾಗಿ ಹೂಡುವ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಕಟ್ಟುವುದು ವಾಡಿಕೆ. ಸಾಲು ಎಲ್ಲಿ ಹಿಡಿಯಬೇಕು, ಬದುವಿನ ಬಳಿ ಎಲ್ಲಿ ತಿರುಗಬೇಕು ಎಂಬುದನ್ನು ಹೋರಿಯು ಪಕ್ಕದ ಹೆಗಲಿನ ಚಲನೆಯಿಂದಲೇ ಕಲಿಯುತ್ತದೆ. ಎರಡರಲ್ಲಿ ಒಂದು ಬಡಕಲಾಗಿದ್ದರೆ, ನೇಗಿಲಿನ ಉದ್ದ ಮರವಾದ ಈಸನ್ನು ನೊಗಕ್ಕೆ ಬಿಗಿಯುವ ಹಗ್ಗವನ್ನು ನಟ್ಟನಡುವೆ ಕಟ್ಟದೆ ಬಲವಾದ ಎತ್ತಿನ ಕಡೆಗೆ ಸ್ವಲ್ಪ ಸರಿಸಿದರೆ ಸಾಕು. ಬಡಕಲು ಎತ್ತಿನ ಕಡೆಯ ನೊಗ ಉದ್ದವಾಗಿ ಅದರ ಪಾಲಿನ ಎಳೆತ ಕಡಿಮೆಯಾಗುತ್ತದೆ, ಹೆಚ್ಚಿನದು ಬಲಿಷ್ಠನ ಪಾಲಿಗೆ ಹೋಗುತ್ತದೆ. ಆಗಲೂ ಇಬ್ಬರೂ ನಡೆಯುವುದು ಒಂದೇ ನೆಲದಲ್ಲಿ, ಒಂದೇ ವೇಗದಲ್ಲಿ. ದೇವರ ಮಾರ್ಗದರ್ಶನವನ್ನು ದೂರದಿಂದ ಬರುವ ಆಜ್ಞೆಯೆಂದು ತಿಳಿಯುವವರು ಗಮನಿಸಬೇಕಾದದ್ದು ಈ ನಡಿಗೆಯನ್ನು. ಇಲ್ಲಿ ದಾರಿ ತೋರಿಸುವುದೂ ಭಾರ ಹೊರುವುದೂ ಬೇರೆ ಬೇರೆ ಕೆಲಸಗಳಲ್ಲ.

ಅಪೊಸ್ತಲ ಪೌಲನ ಪತ್ರಗಳಲ್ಲಿ ಈ ಪದ ಮನುಷ್ಯರ ನಡುವಿನ ಸಂಬಂಧಕ್ಕೂ ಹಬ್ಬುತ್ತದೆ. ನಂಬಿಕೆಯಿಲ್ಲದವರೊಂದಿಗೆ ಹೊಂದದ ನೊಗಕ್ಕೆ ಸೇರಬಾರದೆಂದು ಆತನು ಕೊರಿಂಥದವರಿಗೆ ಬರೆದ ಮಾತಿಗೆ ಕನ್ನಡ ಬೈಬಲು ‘ಇಜ್ಜೋಡು’ ಎಂಬ ಪದವನ್ನು ತಂದಿದೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಒಬ್ಬ ಜೊತೆಗಾರನನ್ನು ‘ಸುಜುಗೊಸ್’, ಅಂದರೆ ಒಂದೇ ನೊಗಕ್ಕೆ ಹೆಗಲು ಕೊಟ್ಟವನು, ಎಂದು ಕರೆಯುತ್ತಾನೆ.

ಇಷ್ಟೆಲ್ಲ ಹಿತವಾದ ಪದವು ಸಭೆಯೊಳಗೇ ಮತ್ತೆ ಭಾರವಾಗುವ ಅಪಾಯವನ್ನು ಆದಿ ಕ್ರೈಸ್ತರೇ ಕಂಡಿದ್ದರು. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ, ಅನ್ಯಜನರಿಂದ ಬಂದ ಶಿಷ್ಯರಿಗೆ ಸುನ್ನತಿಯನ್ನೂ ಮೋಶೆಯ ನಿಯಮವನ್ನೂ ಕಡ್ಡಾಯಗೊಳಿಸಬೇಕೆಂದು ಕೆಲವರು ಜೆರುಸಲೇಮಿನಲ್ಲಿ ಹಟ ಹಿಡಿದಾಗ ಪೇತ್ರನು ಎದ್ದು ನಿಂತು, ತಮ್ಮ ಪಿತೃಗಳಾಗಲಿ ತಾವಾಗಲಿ ಹೊರಲಾರದ ನೊಗವನ್ನು ಅವರ ಕುತ್ತಿಗೆಗೆ ಏಕೆ ಹಾಕಬೇಕೆಂದು ಕೇಳಿದನು. ಯೇಸುವಿನ ಕರೆಯನ್ನು ಕಿವಿಯಾರೆ ಕೇಳಿದ್ದ ಶಿಷ್ಯನಿಗೆ, ಆತನ ನೊಗ ಯಾವುದು, ಜನ ಕೆತ್ತಿದ ನೊಗ ಯಾವುದು ಎಂಬ ವ್ಯತ್ಯಾಸ ಮರೆತಿರಲಿಲ್ಲ.