ಬೆಳಕಿನ ಜೈವಿಕ ಸಂವೇದಕಗಳು: ಕರ್ನಾಟಕದಲ್ಲಿ

ಇದು ರೋಗಾಣು ಇದೆಯೋ ಇಲ್ಲವೋ ಎಂಬುದನ್ನು ಬೆಳಕಿನ ಬದಲಾವಣೆಯಿಂದ ತಿಳಿಸುವ ಸಾಧನ. ರೋಗಾಣುವನ್ನು ಗುರುತು ಹಿಡಿಯುವುದು ಸಾಮಾನ್ಯವಾಗಿ ಪ್ರತಿಕಾಯ ಅಥವಾ ಡಿಎನ್‌ಎ ತುಣುಕು. ಬೆಳಕಿನದು ಸುದ್ದಿ ಮುಟ್ಟಿಸುವ ಕೆಲಸ ಮಾತ್ರ. ಆದ್ದರಿಂದ ಹೊಚ್ಚಹೊಸ ರೋಗಾಣುವಿನ ಮುಂದೆ ಬಹುತೇಕ ಸಂವೇದಕಗಳು ಕುರುಡು. ಡಿಎನ್‌ಎ ತುಣುಕು ತಯಾರಾಗಬೇಕಾದರೆ ರೋಗಾಣುವಿನ ಜೀನ್ ಅನುಕ್ರಮವನ್ನು ಯಾರಾದರೂ ಮೊದಲು ಓದಿರಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರೂ ಜ್ವರದಿಂದ ಮಲಗಿದಾಗ ಇಂಥ ಸೌಲಭ್ಯ ಏನೂ ಇರಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಾದರಿಗಳನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ಕಾದು, ಮಂಗನ ಕಾಯಿಲೆಯ ವೈರಸನ್ನು ಬೇರ್ಪಡಿಸಿದರು. ಅಂದಿನ ಸಂವೇದಕ ಇಲಿಯೇ.

ಜೈವಿಕ ಸಂವೇದಕದ ಕಲ್ಪನೆ ಬಂದದ್ದು 1962ರಲ್ಲಿ, ಅಮೆರಿಕದ ಲೀಲೆಂಡ್ ಕ್ಲಾರ್ಕ್ ಅವರ ಗ್ಲೂಕೋಸ್ ಎಲೆಕ್ಟ್ರೋಡಿನಿಂದ; ಅದು ವಿದ್ಯುತ್ತಿನದು. ಲೋಹದ ತೆಳುಪದರದ ಮೇಲೆ ಅಣುಗಳು ಅಂಟುವುದನ್ನು ಬೆಳಕಿನಿಂದ ಅಳೆಯಬಹುದೆಂದು ಸ್ವೀಡನ್ನಿನ ವಿಜ್ಞಾನಿಗಳು 1983ರಲ್ಲಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ತಂಡ ಹಿಡಿದದ್ದು ಆಪ್ಟಿಕಲ್ ಫೈಬರಿನ ದಾರಿ. ಕೂದಲೆಳೆಯಂಥ ಗಾಜಿನ ನಾರಿನೊಳಗೆ ಮೂಡಿಸಿದ ಬ್ರ್ಯಾಗ್ ಗ್ರೇಟಿಂಗ್ ಒಂದೇ ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ನಾರಿಗೆ ಲೇಪಿಸಿದ ಪ್ರತಿಕಾಯಕ್ಕೆ ಇ. ಕೊಲೈ ಬ್ಯಾಕ್ಟೀರಿಯಾ ಅಂಟಿತೆಂದರೆ ಆ ತರಂಗಾಂತರ ತುಸು ಜರುಗುತ್ತದೆ. ರಾಮನ್ ವಿಧಾನಕ್ಕೆ ಪ್ರತಿಕಾಯವೂ ಬೇಡ, ಅಣುವಿನಿಂದ ಚದುರಿದ ಬೆಳಕೇ ಅದರ ಬೆರಳಚ್ಚು. ಸಿ.ವಿ. ರಾಮನ್ 1928ರಲ್ಲಿ ಕಂಡ ಈ ಪರಿಣಾಮವನ್ನು ಸೂಕ್ಷ್ಮಾಣುಗಳ ಮೇಲೆ ಪ್ರಯೋಗಿಸುವ ಕೆಲಸ ಅದೇ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರಿಂದ ನಡೆಯಿತು. ಆದರೆ ಆ ಬೆಳಕು ತೀರಾ ಮಂಕು, ಉಪಕರಣ ದುಬಾರಿ.

ಊರೂರಿಗೆ ಮುಟ್ಟಿದ್ದು ಇವು ಯಾವುವೂ ಅಲ್ಲ, ಪ್ರತಿದೀಪ್ತಿ (ಫ್ಲೋರೆಸೆನ್ಸ್). ರಿಯಲ್ ಟೈಮ್ ಪಿಸಿಆರ್‌ನಲ್ಲಿ ರೋಗಾಣುವಿನ ಜೀನ್ ದುಪ್ಪಟ್ಟಾಗುತ್ತ ಹೋದಂತೆ ಬಣ್ಣದ ಅಣುಗಳ ಹೊಳಪು ಏರುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇದನ್ನು ಸಂವೇದಕ ಎನ್ನದವರೂ ಇದ್ದಾರೆ. ಸುದ್ದಿ ತರುವುದು ಬೆಳಕೇ ಆದ್ದರಿಂದ ಇಲ್ಲಿ ಸೇರಿಸಿದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಇದನ್ನು ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪೆಟ್ಟಿಗೆಗೆ ಇಳಿಸಿತು. ಅದೇ ಟ್ರೂನ್ಯಾಟ್. ಒಂದು ಚಿಪ್, ಒಣಗಿಸಿಟ್ಟ ರಾಸಾಯನಿಕ, ಸುಮಾರು ಒಂದು ಗಂಟೆಯಲ್ಲಿ ಕ್ಷಯದ ಫಲಿತಾಂಶ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನು ಶಿಫಾರಸು ಮಾಡಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೋವಿಡ್ ತಪಾಸಣೆಗೂ ಇದನ್ನು ಒಪ್ಪಿತು.

2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನಿಂದ ಮಣಿಪಾಲಕ್ಕೆ ಬಂದ ಮಾದರಿಗಳಲ್ಲಿ ನಿಪಾ ವೈರಸ್ ಪತ್ತೆಯಾದದ್ದೂ ಪಿಸಿಆರ್‌ನಿಂದಲೇ, ಪುಣೆಯ ವೈರಸ್ ಸಂಸ್ಥೆ ಅದನ್ನು ಖಚಿತಪಡಿಸಿತು. ಎರಡನೆಯ ರೋಗಿಯ ಹಂತದಲ್ಲೇ ಸಿಕ್ಕಿದ್ದರಿಂದ ಸೋಂಕಿಗೆ ಬೇಗ ಕಡಿವಾಣ ಬಿತ್ತು.

ಬಳ್ಳಾರಿ ಸೀಮೆಯ ಹೆಚ್ಚಿನ ಜನರಿಗೆ ಪಿಸಿಆರ್‌ನ ಈ ಬೆಳಕು ಪರಿಚಯವಾದದ್ದು ಕೋವಿಡ್ ಕಾಲದಲ್ಲಿ. ಐಸಿಎಂಆರ್ ಮಾನ್ಯತೆ ಪಡೆದ ಪ್ರಯೋಗಾಲಯ ಬಳ್ಳಾರಿಯ ವಿಮ್ಸ್ ವೈದ್ಯಕೀಯ ಸಂಸ್ಥೆಯಲ್ಲೇ ಇತ್ತು. ಅಲ್ಲಿನ ರೂಪನಗುಡಿಯಂಥ ಹಳ್ಳಿಯವರಿಗೆ ಮಾತ್ರ ಆಗ ಇಡೀ ತಂತ್ರಜ್ಞಾನವೆಂದರೆ ಮೂಗಿಗೆ ಹಾಕುವ ಒಂದು ಕಡ್ಡಿ, ಆಮೇಲೆ ಮೊಬೈಲಿಗೆ ಬರುವ ಒಂದು ಮೆಸೇಜು.

2021ರ ಡಿಸೆಂಬರ್ 2ರಂದು ಕೋವಿಡ್ ವೈರಸ್ಸಿನ ಹೊಸ ತಳಿಯಾದ ಓಮಿಕ್ರಾನ್‌ನ ದೇಶದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲಿ ಪ್ರಕಟವಾದವು. ಆ ತಳಿ ಇದ್ದಲ್ಲಿ ಕೆಲವು ಪಿಸಿಆರ್ ಕಿಟ್‌ಗಳಲ್ಲಿ ಬೇರೆ ಜೀನುಗಳು ಹೊಳೆದರೂ ಎಸ್ ಜೀನ್ ಹೊಳೆಯುತ್ತಿರಲಿಲ್ಲ. ಬಾರದ ಬೆಳಕೇ ಸುಳಿವಾಯಿತು. ಆದರೆ ತಳಿ ಯಾವುದೆಂದು ಖಚಿತವಾಗಲು ಜೀನ್ ಅನುಕ್ರಮವನ್ನೇ ಓದಬೇಕಾಯಿತು.