ಚಿತ್ರದುರ್ಗ ಸೀಮೆಯ ಅಂತ್ಯಸೇವಕರು

ಸತ್ತವರ ಗುರುತುಗಳಿಂದ ಬದುಕಿದ್ದವರ ಚರಿತ್ರೆಯನ್ನು ತಿಳಿಯುವುದು ಚರಿತ್ರಕಾರರಿಗೆ ಹೊಸ ಮಾರ್ಗವಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಇಂತಹ ಗುರುತುಗಳಿಗೆ ಕೊರತೆಯಿಲ್ಲ. ವೀರಗಲ್ಲು, ಮಾಸ್ತಿಗಲ್ಲು, ಗದ್ದುಗೆ, ಗೋರಿ ಇವೆಲ್ಲವೂ ಇಲ್ಲಿ ಉಂಟು. ಸತ್ತವರು ಯಾರೆಂಬುದನ್ನು ಇವುಗಳಲ್ಲಿ ಹಲವು ತಿಳಿಸುವುವು. ಕಲ್ಲನ್ನು ನಿಲ್ಲಿಸಿದವರ ಹೆಸರನ್ನು ಕೆಲವು ತಿಳಿಸುವುವು. ಆದರೆ ಶವವನ್ನು ಹೊತ್ತವರು ಯಾರು, ಕುಳಿಯನ್ನು ತೋಡಿದವರು ಯಾರು, ಚಿತೆಯು ಆರುವವರೆಗೆ ಬಳಿಯಲ್ಲಿದ್ದು ಕಾದವರು ಯಾರು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವು ದೊರೆಯದು. ಈ ಉತ್ತರವನ್ನು ಎಲ್ಲಿ ಅರಸಬೇಕೆಂಬುದೇ ಪ್ರಸಕ್ತ ಲೇಖನದ ವಿಚಾರ.

ಈ ನಾಲ್ಕು ತಾಲ್ಲೂಕುಗಳಿಗೆ ಉತ್ತರದಲ್ಲಿ, ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ 1947ರಲ್ಲಿ ಮಾರ್ಟಿಮರ್ ವೀಲರರು ಬೃಹಚ್ಛಿಲಾಸಮಾಧಿಗಳನ್ನು ಅಗೆಸಿ ನೋಡಿದರು. ದೊಡ್ಡ ಚಪ್ಪಡಿಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ರಂಧ್ರವನ್ನು ಕೊರೆದು, ಸುತ್ತಲೂ ಕಲ್ಲಿನ ವೃತ್ತವನ್ನು ರಚಿಸಿದ ಸಮಾಧಿಗಳಿವು. ಒಳಗೆ ದೊರೆತವು ಇಡಿಯ ಶವಗಳಲ್ಲ, ಹಲವರ ಬಿಡಿ ಅಸ್ಥಿಗಳು. ಅಸ್ಥಿಗಳೇ ಇಲ್ಲದ ಬೇರೊಂದು ಬಗೆಯ ಕುಳಿಗಳೂ ಅಲ್ಲಿದ್ದುವು. ಶವವನ್ನು ಮೊದಲು ಇಂತಹ ಕುಳಿಯಲ್ಲಿರಿಸಿ, ಮಾಂಸವು ಕರಗಿದ ಬಳಿಕ ಅಸ್ಥಿಗಳನ್ನು ಆಯ್ದು ಕಲ್ಗೋರಿಗೆ ಸಾಗಿಸುತ್ತಿದ್ದಿರಬಹುದೆಂದು ವೀಲರರು ಊಹಿಸಿದರು. ಈ ಊಹೆಯು ಸರಿಯಾದರೆ ಅಂತ್ಯಕ್ರಿಯೆಯು ಒಂದು ದಿನದಲ್ಲಿ ಮುಗಿಯುವ ಕಾರ್ಯವಾಗಿರಲಿಲ್ಲ. ಶವವನ್ನು ಕಾಯಲು, ಅಸ್ಥಿಯನ್ನು ಆಯಲು, ಚಪ್ಪಡಿಯನ್ನು ಎಳೆತರಲು ನುರಿತ ಕೈಗಳು ಬೇಕಾಗಿದ್ದುವು. ಸಮಾಧಿಯಲ್ಲಿ ಕಬ್ಬಿಣದ ಆಯುಧವೂ ಮಡಕೆಯೂ ಉಳಿದಿವೆ. ಆ ಕೈಗಳ ಗುರುತು ಮಾತ್ರ ಉಳಿದಿಲ್ಲ.

ವೀರಗಲ್ಲುಗಳಲ್ಲಿಯೂ ಸ್ಥಿತಿಯು ಇದೇ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಾಳಗಕ್ಕೂ ಕೈಲಾಸಕ್ಕೂ ನಡುವೆ ನೆಲದ ಮೇಲೆ ನಡೆಯಲೇಬೇಕಾದ ಒಂದು ಕೆಲಸವುಂಟು. ಶಿಲ್ಪಿಯು ಅದನ್ನು ಬಿಟ್ಟಿರುವನು. ಮನುಷ್ಯರು ಹೊತ್ತ ಭಾರವನ್ನು ಕಲ್ಲಿನಲ್ಲಿ ದೇವಸ್ತ್ರೀಯರು ಹೊತ್ತರು.

ಕಲ್ಲು ಬಿಟ್ಟುದನ್ನು ಕಾವ್ಯವು ಒಂದೆಡೆ ಹಿಡಿದಿದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನು ವೀರಬಾಹುಕನಿಗೆ ಆಳಾಗಿ ಕಾಶಿಯ ಸುಡುಗಾಡನ್ನು ಕಾಯುವನು. ಹಾವು ಕಚ್ಚಿ ಸತ್ತ ಮಗನನ್ನು ತಂದ ತನ್ನ ಹೆಂಡತಿಗೂ ಅವನು ಸ್ಮಶಾನದ ತೆರೆಯನ್ನು ಬಿಡಲಾರನು. ಈ ಪ್ರಸಂಗವನ್ನು ನಾವು ಸತ್ಯದ ಪರೀಕ್ಷೆಯೆಂದು ಪಾಠ ಹೇಳುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಅದರಲ್ಲಿ ಒಂದು ವೃತ್ತಿಯ ವ್ಯವಸ್ಥೆಯೂ ಅಡಗಿದೆ. ತೆರೆಯು ಒಡೆಯನದು, ಕಾಯುವವನದಲ್ಲ; ಆದುದರಿಂದಲೇ ಅದನ್ನು ಮನ್ನಿಸುವ ಅಧಿಕಾರವು ಕಾಯುವವನಿಗಿಲ್ಲ. ಕವಿಯು ಈ ಕೆಲಸದ ಕಠಿನತೆಯನ್ನು ಬಲ್ಲನು. ಆದರೆ ಅದನ್ನು ತೋರಿಸಲು ಅವನಿಗೆ ಒಬ್ಬ ಚಕ್ರವರ್ತಿಯು ಬೇಕಾದನು. ಹುಟ್ಟಿನಿಂದಲೇ ಆ ಕಾವಲಿಗೆ ಬಿದ್ದವನ ಕಥೆಯು ಕಾವ್ಯವಸ್ತುವಾಗಲಿಲ್ಲ.

ಇನ್ನು ಊರುಗಳ ವಾಡಿಕೆಯನ್ನು ನೋಡೋಣ. ಸುಡು, ಕಾಡು ಎಂಬ ಎರಡು ಪದಗಳು ಸೇರಿ ಸುಡುಗಾಡು ಆಗಿದೆ. ಹೆಸರು ಸುಡುವುದನ್ನು ಹೇಳಿದರೂ ಈ ಸೀಮೆಯಲ್ಲಿ ಹೂಳುವ ಪದ್ಧತಿಯೂ ಬಹಳವಾಗಿದೆ. ಲಿಂಗವಂತರು ಶವವನ್ನು ಕುಳಿತ ಭಂಗಿಯಲ್ಲಿರಿಸಿ ಸಮಾಧಿ ಮಾಡುವರು. ಮ್ಯಾಸಬೇಡರು ಶವವನ್ನು ಸುಟ್ಟು ಬೂದಿಯನ್ನು ತಂಗಡಿ ಗಿಡಗಳ ಮೇಲೆ ಎರಚುವರೆಂದು ಹಳೆಯ ಜನವರ್ಣನೆಗಳಲ್ಲಿದೆ. ಕ್ರಿಯೆಯು ಬೇರೆಬೇರೆಯಾದರೂ ಅದರ ಹಿಂದಿನ ದುಡಿಮೆಯು ಬಹುಮಟ್ಟಿಗೆ ಒಂದೇ. ಸಾವಿನ ಸುದ್ದಿಯನ್ನು ನೆಂಟರ ಊರುಗಳಿಗೆ ಮುಟ್ಟಿಸುವುದು, ಹಲಗೆಯನ್ನು ಬಡಿಯುವುದು, ಸೌದೆಯನ್ನು ಒಟ್ಟುವುದು, ಕುಳಿಯನ್ನು ತೋಡುವುದು ಇವು ತೋಟಿ, ಕುಳವಾಡಿ ಎಂಬ ಹೆಸರುಗಳಿಂದ ಊರ ಚಾಕರಿಯಲ್ಲಿದ್ದವರ ಪಾಲಿಗೆ ಬಂದಿದ್ದುವು. ಲಿಂಗವಂತರ ಮೆರವಣಿಗೆಗಳ ಮುಂದೆ ಗಂಟೆಬಟ್ಟಲನ್ನು ಹಿಡಿದು ನಡೆಯುವವನು ಚಲವಾದಿ. ಮಂತ್ರವನ್ನು ಹೇಳುವವರು ಬೇರೆ, ಮಣ್ಣನ್ನು ಅಗೆಯುವವರು ಬೇರೆ. ಹೀಗೆ ಅಗೆಯುವವರನ್ನು ಊರು ಅಸ್ಪೃಶ್ಯರೆಂದು ದೂರವಿಟ್ಟಿತ್ತು. ತನ್ನ ಕಡೆಯ ಅಗತ್ಯಕ್ಕೆ ಅವರನ್ನೇ ಕರೆಯುತ್ತಿತ್ತು.

ಇವರಿಗೆ ದೊರೆಯುತ್ತಿದ್ದುದು ಸುಗ್ಗಿಯ ಕಾಲದಲ್ಲಿ ಕಣದ ಆಯ. ಕೆಲವರಿಗೆ ಇನಾಮು ಭೂಮಿ. ಈ ಆಯವನ್ನು ಹಕ್ಕು ಎಂದು ಬರೆಯುವುದುಂಟು. ವಿಚಾರಿಸಿ ನೋಡಿದರೆ ಅದು ಅರ್ಧಸತ್ಯ. ಆಯವು ಇಡೀ ಚಾಕರಿಗೆ ಸೇರಿದುದಾದುದರಿಂದ ಸಾವಿನ ಕೆಲಸಕ್ಕೆ ಪ್ರತ್ಯೇಕವಾದ ಕೂಲಿಯನ್ನು ಕೇಳಲು ಎಡೆಯಿರಲಿಲ್ಲ. ಒಲ್ಲೆನೆಂದರೆ ವರ್ಷದ ಅನ್ನಕ್ಕೇ ಕುಂದು. ಬಿಡಲು ಬಾರದ ಹಕ್ಕನ್ನು ಹಕ್ಕೆನ್ನುವುದು ಹೇಗೆ?

ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಅಸ್ಪೃಶ್ಯತೆಯೂ ಬಿಟ್ಟಿಯ ಚಾಕರಿಯೂ ನಿಷಿದ್ಧವಾದುವು. ಅನಂತರ ಮೈಸೂರು ರಾಜ್ಯವು 1961ರಲ್ಲಿ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಪಡಿಸುವ ಕಾನೂನನ್ನು ಮಾಡಿತು. ಅದು 1963ರಲ್ಲಿ ಜಾರಿಗೆ ಬಂದಿತು. ಹುದ್ದೆಗೆ ಸೇರಿದ್ದ ಭೂಮಿಯನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡುವ ಏರ್ಪಾಡೂ ಅದರಲ್ಲಿತ್ತು. ಹುದ್ದೆಯೇನೋ ಹೋಯಿತು, ಕೆಲಸವು ಹೋಗಲಿಲ್ಲ. 2020, 2021ರ ಸಾಂಕ್ರಾಮಿಕದಲ್ಲಿ ಮಕ್ಕಳೇ ಶವದ ಬಳಿಗೆ ಬರಲಾಗದಿದ್ದಾಗ ನಾಡಿನ ಎಷ್ಟೋ ಕಡೆ ಚಿತಾಗಾರದ ಕೆಲಸಗಾರರೂ ಪೌರಕಾರ್ಮಿಕರೂ ಮಕ್ಕಳ ಸ್ಥಾನದಲ್ಲಿ ನಿಂತರು.

ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಸಂಗ್ರಹಿಸಿ ಮಹೋಪಕಾರವನ್ನು ಮಾಡಿದರು. ಕಲ್ಲಿನ ಮೇಲೆ ಬರೆದುದನ್ನು ಆ ಸಂಪುಟವು ಕಾಪಾಡಿದೆ. ಕಲ್ಲಿನ ಮೇಲೆ ಬಾರದವರಿಗೆ ಬೇರೆ ಸಂಪುಟವು ಬೇಕು. ಹಳೆಯ ಇನಾಮು ಲೆಕ್ಕಗಳಲ್ಲಿಯೂ, ತೋಟಿ ಕುಳವಾಡಿಗಳ ಮನೆತನದ ವೃದ್ಧರ ನೆನಪಿನಲ್ಲಿಯೂ ಅದರ ಸಾಮಗ್ರಿಯನ್ನು ಅರಸಬೇಕು. ವೀರಗಲ್ಲಿನ ಪಾಠವನ್ನು ತಿದ್ದಲು ಊರಿಗೆ ಹೋದ ವಿದ್ವಾಂಸರು ಅಲ್ಲಿ ಕುಳಿ ತೋಡುವವರ ಮನೆಗೂ ಹೋಗಿ, ಅವರ ಹಿರಿಯರ ಹೆಸರುಗಳನ್ನು ಕೇಳಿ ಬರೆದುಕೊಳ್ಳಬೇಕೆಂದು ನಮ್ಮ ವಿನಂತಿ. ಕಲ್ಲು ಇನ್ನೂ ಕೆಲಕಾಲ ಕಾಯಬಹುದು. ವೃದ್ಧರ ನೆನಪು ಕಾಯಲಾರದು.