ಸೀರೆಯ ಹಿಂದಿನ ಹೆಸರುಗಳು

ಕೆಮ್ಮಣ್ಣಿನ ತೂಗುಸೇತುವೆಯ ಬಳಿ ಫೋಟೋ ತೆಗೆಸಿಕೊಳ್ಳಲು ಬರುವವರು ಬೆಳಗಾಗುವುದನ್ನೇ ಕಾಯುತ್ತಾರೆ. ಉಟ್ಟದ್ದು ಕೈಮಗ್ಗದ ಉಡುಪಿ ಸೀರೆಯಾದರೆ ಕಾಯಲೇಬೇಕು. ಹತ್ತಿಯ ನೂಲು ಎದ್ದು ಕಾಣುವುದು ಆ ಓರೆ ಬೆಳಕಿನಲ್ಲೇ. ಬಿಸಿಲು ನೆತ್ತಿಗೇರಿದರೆ, ಇಲ್ಲವೇ ಎದುರಿನಿಂದ ಫ್ಲ್ಯಾಶ್ ಹೊಡೆದರೆ, ಮಗ್ಗದ ಸೀರೆಗೂ ಮಿಲ್ಲಿನ ಸೀರೆಗೂ ವ್ಯತ್ಯಾಸವೇ ತಿಳಿಯದು.

ಫ್ಯಾಷನ್ ಛಾಯಾಗ್ರಹಣದ ಚರಿತ್ರೆಯನ್ನು ಹಲವರು 1911ರ ಪ್ಯಾರಿಸ್‌ನಿಂದ, ಪಾಲ್ ಪೊಯ್ರೆಯ ಉಡುಪುಗಳನ್ನು ಎಡ್ವರ್ಡ್ ಸ್ಟೈಕನ್ ಸೆರೆಹಿಡಿದಲ್ಲಿಂದ ಆರಂಭಿಸುತ್ತಾರೆ. ನಮ್ಮ ಕರಾವಳಿಯ ಉಡುಗೆಯಾದರೋ ಅದಕ್ಕೂ ಮೊದಲೇ ಕ್ಯಾಮೆರಾದ ಎದುರು ನಿಂತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಮುಂದೆ ನೇಯ್ಗೆ ಕಾರ್ಖಾನೆ ನಡೆಸಿತು (ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಎಂಬ ಮಾತು ಇಂದಿಗೂ ಜನಪ್ರಿಯ). ಮಿಶನರಿಗಳು ಇಲ್ಲಿಯ ಜನರ ಫೋಟೋಗಳನ್ನೂ ತೆಗೆದರು. ಸೀರೆ ಮಾರಲಿಕ್ಕಲ್ಲ, ಯುರೋಪಿನ ಬೆಂಬಲಿಗರಿಗೆ ತೋರಿಸಲಿಕ್ಕೆ. ಅಂಥ ಹಲವು ಚಿತ್ರಗಳಲ್ಲಿ ಸೀರೆ, ಒಡವೆ ಸ್ಪಷ್ಟವಾಗಿವೆ. ಅಡಿಬರಹದಲ್ಲಿ ಜಾತಿಯಿದೆ, ಕಸುಬಿದೆ, ಹೆಸರಿಲ್ಲ.

ಉಡುಪಿ ಸೀರೆಗೆ ಜಿಐ ಮಾನ್ಯತೆ ಬಂದದ್ದು 2016ರಲ್ಲಿ, ಮಗ್ಗಗಳು ಬೆರಳೆಣಿಕೆಗೆ ಇಳಿದ ಮೇಲೆ. ಈಗಿನ ಗಿರಾಕಿ ಸೀರೆಯನ್ನು ಮುಟ್ಟುವ ಮೊದಲು ಫೋನಿನಲ್ಲಿ ನೋಡುತ್ತಾರೆ. ಚಿತ್ರದಲ್ಲಿ ಬಣ್ಣ ತುಸು ಮೆರುಗಾದರೂ ಸಾಕು, ಮನೆ ತಲುಪಿದ ಸೀರೆ ಮಂಕೆನಿಸಿ ವಾಪಸು ಬರುತ್ತದೆ. ಆ ನಷ್ಟ ಛಾಯಾಗ್ರಾಹಕನದಲ್ಲ.

ಛಾಯಾಗ್ರಾಹಕನ ಹೆಸರು ಚಿತ್ರದ ಮೂಲೆಯಲ್ಲಿರುತ್ತದೆ, ರೂಪದರ್ಶಿಯದು ಕೆಲವೊಮ್ಮೆ. ನೇಯ್ದವರ ಹೆಸರನ್ನೂ ಕೇಳಿ ಬರೆದ ಅಡಿಬರಹಗಳನ್ನು ನಾನು ಕೂಡಿಡುತ್ತಿದ್ದೇನೆ. ಕಡತ ಇನ್ನೂ ತೆಳ್ಳಗಿದೆ.